ಇಸ್ತ್ರಿ ಮಾತ್ರ ಮಾಡಿದ್ದು

ಎಲ್ಲಕ್ಕೂ ಮೂಲ ಒಂದು ಗೇಣು ಹಳದಿ ಬಟ್ಟೆ. ಅದು ಇರಬೇಕಾದ ಕಡೆ ಇದ್ದಿದ್ದರೆ ಟೇಲರ್ ಮಾಸ್ಟ್ರು ಆವತ್ತು ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಮೆಷಿನ್ನಿನ ಮೇಲೆ ತಲೆಯಿಟ್ಟು ಒಂದು ಕೋಳಿನಿದ್ದೆ ತೆಗೆದು ಸುಖವಾಗಿರುತ್ತಿದ್ದರು. ಆದರೆ ಅದು ಪಕ್ಕದ ಕ್ಷೌರದಂಗಡಿಯ ಕುರ್ಚಿಯ ಮೇಲೆ ದಿಂಬಾಗಿ ಕೂತಿತ್ತು.

ಮಾಸ್ಟ್ರ ಅಂಗಡಿಯ ಬಾಗಿಲ ಮೇಲೆ ಒಂದು ಬೋರ್ಡು. ‘ಇಲ್ಲಿ ಹೊಲಿದ ಬಟ್ಟೆ ಎಂದೂ ವಾಪಸು ಬಂದಿಲ್ಲ.’ ಮೂವತ್ತೊಂದು ವರ್ಷದ ಹಿಂದೆ ಬರೆಸಿದ್ದು. ಬಣ್ಣ ಮಾಸಿದಾಗೆಲ್ಲ ಹೆಂಡತಿಯನ್ನು ಸ್ಟೂಲು ಹತ್ತಿಸಿ ಹೊಸದಾಗಿ ಬಳಿಸುತ್ತಿದ್ದರು. ತಾವೇ ಹತ್ತೋಣವೆಂದರೆ ಸ್ಟೂಲಿನ ಎತ್ತರಕ್ಕೇ ಅವರಿಗೆ ತಲೆ ಸುತ್ತುತ್ತಿತ್ತು. ಬೇರೆಯವರಿಗೆ ಮಕ್ಕಳು, ಮನೆ, ಜಮೀನು ಇದ್ದ ಹಾಗೆ ಮಾಸ್ಟ್ರಿಗೆ ಆ ಬೋರ್ಡು.

ಅಂಥವರ ಬಳಿಗೆ ಒಂದು ತಿಂಗಳ ಕೆಳಗೆ ಆಕಾಶದಿಂದ ಬೀಳುವವರು ಬಂದರು. ನಾಲ್ಕು ಜನ. ವಿಮಾನದಿಂದ ಒಟ್ಟಿಗೆ ಹಾರಿ, ನೆಲಕ್ಕೆ ಮುಖ ಮಾಡಿ ಬೀಳುತ್ತಲೇ ಒಬ್ಬರ ತೋಳು ಇನ್ನೊಬ್ಬರು, ಒಬ್ಬರ ಕಾಲು ಮತ್ತೊಬ್ಬರು ಹಿಡಿದು, ಗಾಳಿಯಲ್ಲಿ ಚಕ್ರ ಕಟ್ಟುವುದು, ನಕ್ಷತ್ರ ಕಟ್ಟುವುದು. ಆಮೇಲೆ ದೂರ ಸರಿದು ಪ್ಯಾರಾಚೂಟು ಬಿಚ್ಚುವುದು. ಕೆಲಸ ಬಿಟ್ಟವರಲ್ಲ, ಎಲ್ಲರಿಗೂ ಕೈತುಂಬ ಕೆಲಸವಿತ್ತು. ಅವರ ಯಜಮಾನಿ ಅಗ್ನಿಶಾಮಕ ದಳದವಳು. ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳಿಸುವ ಗಂಟಲು. ಎಲ್ಲರೂ ಕ್ಯಾಪ್ಟನ್ನಮ್ಮ ಎನ್ನುತ್ತಿದ್ದರು. ಎರಡನೆಯವನು ಪಾರ್ಸೆಲ್ ಆಫೀಸಿನ ಗುಮಾಸ್ತ ಪಾರ್ಸೆಲ್ಲಣ್ಣ, ಅವನೇ ಒಂದು ದೊಡ್ಡ ಪಾರ್ಸೆಲ್ಲು. ಮೂರನೆಯವಳು ಹಲ್ಲಿನ ಆಸ್ಪತ್ರೆಯ ನರ್ಸು. ಕಡ್ಡಿ ಎಂದು ಅಡ್ಡಹೆಸರು, ಪಕ್ಕಕ್ಕೆ ತಿರುಗಿ ನಿಂತರೆ ಕಾಣಿಸುತ್ತಿರಲಿಲ್ಲ. ನಾಲ್ಕನೆಯವನು ಲಿಫ್ಟ್ ರಿಪೇರಿಯವನು, ಬಾಯಿ ಬಿಡದ ಮನುಷ್ಯ.

ನಾಲ್ವರಿಗೂ ತಲೆಯಿಂದ ಕಾಲಿನವರೆಗೆ ಒಂದೇ ಆಗಿರುವ ಹಳದಿ ನೈಲಾನ್ ಸೂಟು ಬೇಕಿತ್ತು. ಕ್ಯಾಪ್ಟನ್ನಮ್ಮ ಚೀಟಿಯಲ್ಲಿ ಬರೆದೇ ಕೊಟ್ಟಿದ್ದಳು: ಪಾರ್ಸೆಲ್ಲಣ್ಣನಿಗೆ ದೊಗಳೆ, ಕಡ್ಡಿಗೆ ಬಿಗಿ.

ಮಾಸ್ಟ್ರು ಚೀಟಿ ಓದಿ ಮರುಗಿದರು. ದಪ್ಪಗಿದ್ದವರನ್ನು ತೆಳ್ಳಗೆ ಕಾಣಿಸುವುದು, ತೆಳ್ಳಗಿದ್ದವರನ್ನು ಮೈಕೈ ತುಂಬಿಕೊಂಡಂತೆ ಕಾಣಿಸುವುದು, ಅದೇ ಹೊಲಿಗೆ. ಮಿಕ್ಕಿದ್ದು ಗೋಣಿಚೀಲ ಹೊಲಿಯುವವರ ಕೆಲಸ. ಪಾಪ, ಅವಸರದಲ್ಲಿ ತಿರುಗುಮುರುಗು ಬರೆದಿದ್ದಾಳೆ ಎಂದುಕೊಂಡು ಪಾರ್ಸೆಲ್ಲಣ್ಣನ ಸೂಟನ್ನು ಎರಡೂ ಪಕ್ಕದಲ್ಲಿ ಧಾರಾಳವಾಗಿ ಕತ್ತರಿಸಿ ಮೈಗೆ ಅಂಟಿಸಿದರು. ಕಡ್ಡಿಯ ಸೂಟಿಗೆ ಕೈತುಂಬ ಸಡಿಲ ಕೊಟ್ಟರು. ಉಳಿದ ಹಳದಿ ತುಂಡಿನಲ್ಲಿ ಕ್ಷೌರದವನ ಕುರ್ಚಿಗೊಂದು ದಿಂಬಿನ ಚೀಲ ಹೊಲಿದು ಉಡುಗೊರೆ ಕೊಟ್ಟರು. ಆ ನೈಲಾನ್ ದಿಂಬು ಎಷ್ಟು ನುಣುಪೆಂದರೆ ಕ್ಷೌರಕ್ಕೆ ಕೂತವರು ಮೆಲ್ಲಗೆ ಜಾರುತ್ತಾ ಮೀಸೆ ಕತ್ತರಿಸುವ ಹೊತ್ತಿಗೆ ಕನ್ನಡಿಯಿಂದ ಮಾಯವಾಗುತ್ತಿದ್ದರು. ಆದರೂ ಕ್ಷೌರದವನಿಗೆ ಅದರ ಮೇಲೆ ಪ್ರಾಣ.

ಆವತ್ತು ಬೆಳಿಗ್ಗೆ ಮಾಸ್ಟ್ರು ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಾಗ ಕ್ಯಾಪ್ಟನ್ನಮ್ಮ ನುಗ್ಗಿ ಬಂದಳು. ಕಂಕುಳಲ್ಲಿ ಎರಡು ಹಳದಿ ಸೂಟು. ಹಿಂದೆ ಪಾರ್ಸೆಲ್ಲಣ್ಣ, ಕಡ್ಡಿ.

“ಮಾಸ್ಟ್ರೇ, ಇಲ್ನೋಡಿ ನಿಮ್ಮ ಘನಕಾರ್ಯ!” ಎಂದು ಮೊಬೈಲ್ ಹಿಡಿದಳು. ಜೊತೆಗೆ ಹಾರಿದ ಇನ್ನೊಬ್ಬ ತೆಗೆದ ವಿಡಿಯೊ. ಕ್ಯಾಪ್ಟನ್ನಮ್ಮನೂ ಲಿಫ್ಟಿನವನೂ ಕೈ ಕೈ ಹಿಡಿದು ಬೀಳುತ್ತಿದ್ದಾರೆ. ಪಾರ್ಸೆಲ್ಲಣ್ಣ ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗೆ, ಇನ್ನೂ ಕೆಳಗೆ. ಕಡ್ಡಿ ದಾರ ಹರಿದ ಗಾಳಿಪಟದ ಹಾಗೆ ಮೇಲೆಲ್ಲೋ.

“ದಪ್ಪ ಇದ್ದೋರು ಬೇಗ ಬೀಳ್ತಾರೆ. ಅದಕ್ಕೇ ದೊಗಳೆ ಬಟ್ಟೆ. ಬಟ್ಟೆ ಗಾಳಿ ಹಿಡಿದು ತಡೀಬೇಕು. ಸಣ್ಣ ಇರೋಳು ತೇಲ್ತಾಳೆ, ಅದಕ್ಕೆ ಅವಳಿಗೆ ಬಿಗಿ. ಆಗ ನಾಲ್ಕೂ ಜನ ಒಂದೇ ಮಟ್ಟದಲ್ಲಿ ಇರ್ತೀವಿ. ಮಟ್ಟ ತಪ್ಪಿದ್ರೆ ಕೈ ಯಾರ್ದು ಹಿಡಿಯೋದು, ಮೋಡದ್ದಾ? ಇವತ್ತು ನಾಲ್ಕು ಗಂಟೆಗೆ ಸ್ಪರ್ಧೆ ಮೊದಲನೇ ಸುತ್ತು, ನಾಳೆ ಎರಡನೇದು. ಸೂಟು ವಾಪಸ್ ತಗೊಂಡು ಸರಿ ಮಾಡ್ಕೊಡಿ.”

ವಾಪಸ್! ಮಾಸ್ಟ್ರು ಎಣ್ಣೆ ಡಬ್ಬಿ ಕೆಳಗಿಟ್ಟು ಬೋರ್ಡಿನ ಕಡೆ ತಿರುಗಿದರು. ಬಾಗಿಲಲ್ಲಿ ಆಗಲೇ ಕ್ಷೌರದವನ ಕಿವಿ ಕಾಣಿಸುತ್ತಿತ್ತು. ಚೀಟಿಯಲ್ಲಿ ಬರೆದದ್ದು ತಿರುಗುಮುರುಗಲ್ಲವೆಂದು ಈಗ ತಿಳಿಯಿತು. ಆದರೆ ಬಾಯಿ ಮಾತ್ರ ತನ್ನ ಪಾಡಿಗೆ ತಾನು ಮಾತಾಡಿತು.

“ಸೂಟಿನಲ್ಲಿ ತಪ್ಪಿಲ್ಲ ತಾಯಿ, ಮೈಯಲ್ಲಿ ತಪ್ಪು. ಇನ್ನೊಂದ್ಸಲ ತೋರಿಸಿ. ನೋಡಿ, ಈ ಅಣ್ಣ ಹೊಟ್ಟೆ ಕೆಳಕ್ಕೆ ಚಾಚಿ ಕೈಕಾಲು ಮೇಲೆತ್ತಿ ಬಿಲ್ಲಿನ ಹಾಗೆ ಬಗ್ಗಿದ್ದಾರೆ. ಗಾಳಿ ಎಲ್ಲಾ ಪಕ್ಕಕ್ಕೆ ಜಾರಿಹೋಗುತ್ತೆ. ಬೀಳದೆ ಇನ್ನೇನು? ಈ ಹುಡುಗಿ ನೋಡಿ, ಬೆನ್ನು ಗೂನು ಮಾಡಿ ಬುಟ್ಟಿ ಕವುಚಿದ ಹಾಗೆ ಇದ್ದಾಳೆ. ಗಾಳಿ ಅದರೊಳಗೆ ತುಂಬ್ಕೊಳ್ಳುತ್ತೆ. ತೇಲದೆ ಇನ್ನೇನು?”

ಮೂವತ್ತೊಂದು ವರ್ಷ ಜನರ ಬೆನ್ನು, ಹೊಟ್ಟೆ ನೋಡಿದ ಕಣ್ಣು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕ್ಯಾಪ್ಟನ್ನಮ್ಮ ವಿಡಿಯೊ ಮತ್ತೆ ನೋಡಿದಳು, ಮತ್ತೊಮ್ಮೆ ನೋಡಿದಳು.

“ಹೌದಲ್ರೋ! ಮೈ ಬಗ್ಗಿಸೋದೂ ಅಷ್ಟೇ ಮುಖ್ಯ ಅಂತ ನಾನು ಬಡ್ಕೊಳ್ತಾನೇ ಇದ್ದೆ. ನಡೀರಿ, ನಾಲ್ಕು ಗಂಟೆ ತನಕ ಗಾಳಿ ಮನೇಲಿ ನಿಮ್ಮ ಮೈ ತಿದ್ತೀನಿ.”

ಗಾಳಿ ಮನೆಯೆಂದರೆ ಮೈದಾನದ ಪಕ್ಕ ನೆಲದಡಿ ದೊಡ್ಡ ಫ್ಯಾನು ಹಾಕಿದ ಗಾಜಿನ ಕೋಣೆ. ಒಳಗೆ ಹೋದವರು ಅಲ್ಲೇ ತೇಲುತ್ತಾರೆ. ಅಲ್ಲಿ ಎಲ್ಲರಿಗೂ ಒಂದೇ ಅಳತೆಯ ಬಾಡಿಗೆ ಸೂಟು. ಪಾರ್ಸೆಲ್ಲಣ್ಣನಿಗೆ ಅದು ಗುಂಡಿ ಹಾಕಲಾರದಷ್ಟು ಬಿಗಿ, ಕಡ್ಡಿಗೆ ಹ್ಯಾಂಗರಿಗೆ ನೇತುಹಾಕಿದಂತೆ.

“ಸೂಟು ಇಲ್ಲೇ ಇರಲಿ, ಇಸ್ತ್ರಿ ಮಾಡಿ ಮೈದಾನಕ್ಕೇ ತಂದುಕೊಡ್ತೀನಿ. ಇಸ್ತ್ರಿ ಮಾತ್ರ,” ಎಂದರು ಮಾಸ್ಟ್ರು, ಬಾಗಿಲಿನ ಕಿವಿಗೂ ಕೇಳುವಂತೆ.

ಅವರು ಹೋದದ್ದೇ ಒಳಗಿನಿಂದ ಹೆಂಡತಿ ಬಂದಳು. “ಏನ್ರೀ, ಆ ಬಟ್ಟೆಗೆ ಇಸ್ತ್ರಿ ಮುಟ್ಟಿಸಿದ್ರೆ ಕರಗಿ ಅಂಟು ಆಗುತ್ತಲ್ರೀ.”

“ಗೊತ್ತು, ಸುಮ್ನಿರೇ.”

“ಚೀಟೀಲಿ ಬರ್ದಂಗೆ ಹೊಲಿದಿದ್ರೆ ಏನಾಗ್ತಿತ್ತು?”

“ಏನೂ ಆಗ್ತಿರ್ಲಿಲ್ಲ, ಸಾಕಾ!” ಎಂದು ಮಾಸ್ಟ್ರು ಕತ್ತರಿ ಎತ್ತಿಕೊಂಡರು.

ಕಡ್ಡಿಯ ಸೂಟು ಸುಲಭ. ಒಳಗೆ ಮಡಿಸಿ ಒಂದು ಹೊಲಿಗೆ ಹೊಡೆದರೆ ಬಿಗಿಯಾಯಿತು. ಪಾರ್ಸೆಲ್ಲಣ್ಣನದಕ್ಕೆ ಕಂಕುಳಿನಿಂದ ಸೊಂಟದವರೆಗೆ ತುಂಡು ಸೇರಿಸಬೇಕು. ಆ ಬಣ್ಣದ ಬಟ್ಟೆ ಊರಿನಲ್ಲಿ ಒಂದೇ ಕಡೆ ಇತ್ತು.

ಮಾಸ್ಟ್ರು ಹೋದಾಗ ಅದರ ಮೇಲೆ ಒಬ್ಬ ಗಿರಾಕಿ ಅರ್ಧ ಗಡ್ಡದಲ್ಲಿ ಕೂತಿದ್ದ.

“ಆ ದಿಂಬು ಕೊಡಪ್ಪ, ಇಸ್ತ್ರಿ ಮಾಡ್ಕೊಡ್ತೀನಿ.”

“ದಿಂಬಿಗೆ ಯಾರು ಮಾಸ್ಟ್ರೇ ಇಸ್ತ್ರಿ ಮಾಡ್ತಾರೆ?” ಕ್ಷೌರದವನು ಕತ್ತಿ ಎತ್ತಿ ಹಿಡಿದೇ ಕೇಳಿದ.

“ಸುಕ್ಕಾಗಿದೆ. ನನ್ನ ಕೈಯಿನ ಕೆಲಸ ಸುಕ್ಕಾಗಿರೋದು ನನಗೆ ನೋಡಕ್ಕಾಗಲ್ಲ. ಅಣ್ಣಾ, ಒಂಚೂರು ಎದ್ದೇಳಿ.”

ಗಿರಾಕಿ ನೊರೆ ಸಮೇತ ಎದ್ದ. ಮಾಸ್ಟ್ರು ದಿಂಬು ಎಳೆದುಕೊಂಡು ಹೊರಟರು. ಹೊರಟವರು ಕ್ಷೌರದವನ ಹೊಟ್ಟೆ ನೋಡಿ ನಿಂತರು. ಹೆಚ್ಚು ಕಡಿಮೆ ಪಾರ್ಸೆಲ್ಲಣ್ಣನದೇ ಸುತ್ತಳತೆ. ನಿಂತವನ ಅಳತೆ ತೆಗೆದು ಮೋಸ ಹೋಗಿದ್ದಾಯಿತು; ಗಾಳಿಯಲ್ಲಿ ಯಾರೂ ನಿಂತಿರುವುದಿಲ್ಲವಲ್ಲ.

“ಒಂದ್ನಿಮಿಷ ಬಾ. ನಿನಗೊಂದು ಏಪ್ರನ್ ಹೊಲೀತೀನಿ, ಅಳತೆ ಬೇಕು.”

ಬಿಟ್ಟಿ ಏಪ್ರನ್ನಿನ ಆಸೆಗೆ ಕ್ಷೌರದವನು ಬಂದ. ಬಂದವನನ್ನು ಮಾಸ್ಟ್ರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೋರಲು ಮಲಗಿಸಿದರು. “ಕೈ ಎತ್ತು. ಮಂಡಿ ಮಡಿಸು. ಎದೆ ಎತ್ತು. ಹಾಂ, ಹಾಗೇ ಇರು.”

“ಮಾಸ್ಟ್ರೇ, ಏಪ್ರನ್‌ಗೆ ಕಪ್ಪೆ ತರ ಯಾಕೆ ಮಲಗ್ಬೇಕು?”

“ಹೊಸ ಫ್ಯಾಷನ್ನು. ಮಾತಾಡಬೇಡ, ಹೊಟ್ಟೆ ಅಳತೆ ತಪ್ಪುತ್ತೆ.”

ಅಷ್ಟರಲ್ಲಿ ಅರ್ಧ ಗಡ್ಡದವನು ತನ್ನ ಕ್ಷೌರ ಹುಡುಕಿಕೊಂಡು ಬಂದ. ಅವನ ಹಿಂದೆ ರವಿಕೆ ಕೊಡಲು ಬಂದ ಹೆಂಗಸು, ಅವಳ ಹಿಂದೆ ಹೂಕುಂಡದ ಅಂಗಡಿಯವಳು. ಮೇಜಿನ ಮೇಲೆ ಈಜುತ್ತಿದ್ದ ಕ್ಷೌರದವನನ್ನು ನೋಡಿ ಒಬ್ಬಳು “ಅಯ್ಯೋ, ಫಿಟ್ಸು! ಕೈಗೆ ಕಬ್ಬಿಣ ಕೊಡಿ!” ಎಂದಳು. ಇನ್ನೊಬ್ಬಳು ಸಿಕ್ಕಿದ ಕತ್ತರಿಯನ್ನೇ ಅವನ ಕೈಗೆ ತುರುಕಿದಳು. ಕ್ಷೌರದವನು ಕತ್ತರಿ ಝಳಪಿಸುತ್ತಾ “ನಂಗೇನೂ ಆಗಿಲ್ಲ, ಇದು ಫ್ಯಾಷನ್ನು!” ಎಂದು ಕೂಗಿದಷ್ಟೂ ಜನಕ್ಕೆ ಖಾಯಿಲೆ ಖಾತ್ರಿಯಾಯಿತು. ಒಬ್ಬ ಪುಣ್ಯಾತ್ಮ ಒಂದು ಚೊಂಬು ನೀರು ಎರಚಿದ.

ಅವರನ್ನೆಲ್ಲ ಸಾಗಹಾಕಿ, ತೊಯ್ದ ಮೇಜು ಒರೆಸಿ, ದಿಂಬು ಬಿಚ್ಚಿ, ಎರಡೂ ಪಕ್ಕಕ್ಕೆ ತುಂಡು ಕೂಡಿಸಿ ಮುಗಿಸುವಾಗ ಮೂರೂವರೆ. ಮಾಸ್ಟ್ರು ಊಟವಿಲ್ಲದೆ ಮೈದಾನಕ್ಕೆ ಓಡಿದರು.

ಪಾರ್ಸೆಲ್ಲಣ್ಣ ಸೂಟು ಹಾಕಿಕೊಂಡು ಕಣ್ಣರಳಿಸಿದ. “ಮಾಸ್ಟ್ರೇ, ಉಸಿರಾಡಕ್ಕೆ ಆರಾಮಾಗಿದೆಯಲ್ಲ!”

“ಇಸ್ತ್ರಿ ಬಿಸಿಗೆ ಬಟ್ಟೆ ಹಿಗ್ಗುತ್ತೆ.”

“ನಂದು ಬಿಗಿ ಆಗಿದೆಯಲ್ಲ?” ಎಂದಳು ಕಡ್ಡಿ.

“ಇಸ್ತ್ರಿ ಬಿಸಿಗೆ ಬಟ್ಟೆ ಕುಗ್ಗುತ್ತೆ.”

ಲಿಫ್ಟಿನವನು ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ವಿಮಾನ ಹೊರಟಿತು. ಮಾಸ್ಟ್ರು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರು. ಅಷ್ಟು ಎತ್ತರ ನೆನೆದರೇ ಅವರಿಗೆ ಬೆಂಚು ತಿರುಗುತ್ತಿತ್ತು.

ಎಲ್ಲರೂ ಇಳಿದ ಮೇಲೆ ತೀರ್ಪುಗಾರರ ಟಿವಿಯಲ್ಲಿ ವಿಡಿಯೊ ಹಾಕಿದರು. ಮಾಸ್ಟ್ರು ಒಂದು ಕಣ್ಣು ತೆರೆದರು. ಕ್ಯಾಪ್ಟನ್ನಮ್ಮ, ಲಿಫ್ಟಿನವನು ಕೈ ಕೈ ಹಿಡಿದಿದ್ದಾರೆ. ಪಾರ್ಸೆಲ್ಲಣ್ಣ ಎಲ್ಲಿ? ಮೇಲೆ! ಹಳದಿ ಬಲೂನಿನ ಹಾಗೆ, ಕಪ್ಪೆಯಂತೆ ಮೈ ಹರಡಿ, ಗಾಳಿಯನ್ನೆಲ್ಲ ತಬ್ಬಿಕೊಂಡು, ಕೆಳಗಿನವರಿಗೆ ಕೈ ಬೀಸುತ್ತಿದ್ದಾನೆ. ಕಡ್ಡಿ? ಬಿಲ್ಲಿನಂತೆ ಬಗ್ಗಿ, ಇಲ್ಲದ ಹೊಟ್ಟೆಯನ್ನೂ ಚಾಚಿ, ಕೈಜಾರಿದ ಸೂಜಿಯ ಹಾಗೆ ಪಾತಾಳಕ್ಕೆ ಇಳಿಯುತ್ತಿದ್ದಾಳೆ.

ಮಾಸ್ಟ್ರಿಗೆ ಎಲ್ಲ ತಿಳಿಯಿತು. ಕ್ಯಾಪ್ಟನ್ನಮ್ಮ ಗಾಳಿ ಮನೆಯಲ್ಲಿ ಮೈ ತಿದ್ದಿದ್ದಳು. ತಾವು ಅಂಗಡಿಯಲ್ಲಿ ಸೂಟು ತಿದ್ದಿದ್ದರು. ಎರಡರಲ್ಲಿ ಒಂದು ಸಾಕಾಗಿತ್ತು.

ಕ್ಯಾಪ್ಟನ್ನಮ್ಮ ಎದುರಿಗೆ ಬಂದು ನಿಂತಳು. ಮಾಸ್ಟ್ರು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದರು. ಆದರೆ ಅವಳು ಅವರ ಕೈ ಹಿಡಿದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದಳು.

“ಇವರೇ ನೋಡಿ ಟೇಲರ್ ಅಂದ್ರೆ! ಸೂಟಿನಲ್ಲಿ ತಪ್ಪಿಲ್ಲ, ಮೈಯಲ್ಲಿ ತಪ್ಪು ಅಂದ್ರು. ಮೈ ತಿದ್ದಿದ್ದೇ ತಡ, ಕೆಳಗಿದ್ದೋನು ಮೇಲೆ ಹೋದ, ಮೇಲಿದ್ದೋಳು ಕೆಳಗೆ ಬಂದ್ಲು! ನಾನೇ ಅತಿ ಮಾಡಿದ್ದು. ಇವರ ಬಟ್ಟೆ ಬಂಗಾರ!”

ಬೇರೆ ತಂಡದವರೂ ಚಪ್ಪಾಳೆ ತಟ್ಟಿದರು. ಮಾಸ್ಟ್ರು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು.

“ಒಂದು ಉಪಕಾರ ಮಾಡಿ ಮಾಸ್ಟ್ರೇ. ದಿನವಿಡೀ ತಿದ್ದಿದ ಮೈ ಮತ್ತೆ ತಿದ್ದಿದ್ರೆ ಕೆಡುತ್ತೆ. ಮೈಗೆ ನೆನಪಿರುತ್ತೆ, ಬಟ್ಟೆಗಿರಲ್ಲ. ಇವನ ಸೂಟು ಎರಡೂ ಪಕ್ಕ ಬಿಗಿ ಮಾಡಿ, ಇವಳದು ಸಡಿಲ ಮಾಡಿ. ಬೆಳಿಗ್ಗೆ ಆರಕ್ಕೆ ಬಂದು ತಗೊಂಡು ಹೋಗ್ತೀನಿ. ಇದು ವಾಪಸ್ ಅಲ್ಲ, ನಮ್ಮ ಕೋರಿಕೆ.”

ಅಂದರೆ ಎರಡೂ ಸೂಟು ಬೆಳಿಗ್ಗೆ ಹೇಗಿದ್ದವೋ ಮತ್ತೆ ಹಾಗೇ ಆಗಬೇಕು. ಮಾಸ್ಟ್ರು ಸೂಟು ಮಡಚಿಕೊಂಡು ಬಂದು, ತಾವೇ ಹೊಡೆದ ಹೊಲಿಗೆಯನ್ನು ತಾವೇ ಬಿಚ್ಚಿದರು. ಕ್ಷೌರದವನು ಎರಡು ಸಲ ಬಂದು ಹೋಗಿದ್ದ. ಮೂರನೆಯ ಸಲ ಬಂದಾಗ, ಬಿಚ್ಚಿದ ತುಂಡುಗಳನ್ನು ಮತ್ತೆ ಕೂಡಿಸಿದ ದಿಂಬು ಸಿದ್ಧವಾಗಿತ್ತು.

“ಇಸ್ತ್ರಿ ಮಾಡಿದ್ರಿ, ಜಾಸ್ತಿ ಹೊಲಿಗೆ ಬಂದಿದೆಯಲ್ಲ ಮಾಸ್ಟ್ರೇ?”

“ಗಟ್ಟಿ ಇರ್ಲಿ ಅಂತ.”

“ಏಪ್ರನ್ನು?”

“ನಾಳೆ.”

ದಿಂಬು ತಬ್ಬಿಕೊಂಡು ಅವನು ಹೋದ. ಹೆಂಡತಿ ತಟ್ಟೆ ತಂದಿಟ್ಟಳು. ಮಾಸ್ಟ್ರು ಮೊದಲ ತುತ್ತು ಎತ್ತುವಾಗ ಹಿಂಬಾಗಿಲಿನಿಂದ ಪಾರ್ಸೆಲ್ಲಣ್ಣ ಬಂದ. ಸೊಂಟ ಹಿಡಿದುಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತಾ.

“ಮಾಸ್ಟ್ರೇ, ಕ್ಯಾಪ್ಟನ್ನಮ್ಮಂಗೆ ಹೇಳ್ಬೇಡಿ. ಆ ಕಪ್ಪೆ ಭಂಗಿಗೆ ನನ್ನ ಸೊಂಟ ಹಿಡ್ಕೊಂಡಿದೆ. ಕಡ್ಡಿಗೆ ಕುತ್ತಿಗೆ ತಿರುಗಿಸಕ್ಕಾಗ್ತಿಲ್ಲ. ನಾಳೆ ನಾವಿಬ್ಬರೂ ನಮ್ಮ ಹಳೇ ತರಾನೇ ಬೀಳೋದು, ಬೇರೆ ದಾರಿ ಇಲ್ಲ. ನೀವು ಸೂಟು ಮಾತ್ರ ಮುಟ್ಟಬೇಡಿ. ಮಧ್ಯಾಹ್ನ ಇಸ್ತ್ರಿ ಮಾಡಿ ಕೊಟ್ರಲ್ಲ, ಹಾಗೇ ಇರ್ಲಿ. ಅದರಲ್ಲಿ ಏನೋ ಇದೆ ಮಾಸ್ಟ್ರೇ, ಹಳೇ ತರ ಬಿದ್ದಿದ್ರೆ ಎಲ್ಲಾ ಒಂದೇ ಮಟ್ಟ ಇರ್ತಿದ್ವಿ. ಇನ್ನೂ ಬಿಚ್ಚಿಲ್ಲ ತಾನೆ?”

ಮಾಸ್ಟ್ರು ಬಿಗಿಯಾಗಿ ಮಡಚಿಟ್ಟ ಸೂಟು ನೋಡಿದರು. ತುತ್ತು ತಟ್ಟೆಗೆ ಇಳಿಯಿತು.

“ಇನ್ನೂ ಇಲ್ಲಪ್ಪ.”

ಅವನು ಕೈ ಮುಗಿದು ಕುಂಟುತ್ತಾ ಹೋದ. ಹೆಂಡತಿ ತಟ್ಟೆಯ ಮೇಲೆ ಮುಚ್ಚಳ ಇಟ್ಟಳು. “ಆ ಬೋರ್ಡು ನಿಮಗೆ ಸ್ವಲ್ಪ ಬಿಗಿ ಆಯ್ತು ಕಣ್ರೀ. ನಾಳೆ ಸ್ಟೂಲು ಹತ್ತಿ ಒಂಚೂರು ಸಡಿಲ ಮಾಡ್ತೀನಿ. ಈಗ ಹೋಗಿ, ಇನ್ನೊಂದ್ಸಲ ಇಸ್ತ್ರಿ ಮಾಡ್ಕೊಡ್ತೀನಿ ಅನ್ನಿ.”

ಮಾಸ್ಟ್ರು ಚಪ್ಪಲಿ ಮೆಟ್ಟಿ ಬೀದಿಗಿಳಿದರು. ಕ್ಷೌರದಂಗಡಿಯಲ್ಲಿ ಇನ್ನೂ ದೀಪವಿತ್ತು. ಕನ್ನಡಿಯಲ್ಲಿ ಅವರು ಬರುವುದನ್ನು ಕಂಡ ಕ್ಷೌರದವನು, ಗಿರಾಕಿಯನ್ನು ಎಬ್ಬಿಸಿ, ತಾನೇ ದಿಂಬಿನ ಮೇಲೆ ಕೂತು, ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.