ಸಿದ್ರಾಯನ ವಿದೇಶಿ ಸ್ಟೇಟಸ್

ಹೆಂಡತಿ ತವರಿಗೆ ಹೋದರೆ ಗಂಡ ಸೊರಗುತ್ತಾನೆನ್ನುವವರ ಬಾಯಿ ಮುಚ್ಚಿಸಿಯೇ ತೀರುತ್ತೇನೆಂದು ಘೋಡಗೇರಿಯ ಹಿಟ್ಟಿನ ಗಿರಣಿಯ ಸಿದ್ರಾಯ ಪಣ ತೊಟ್ಟ. ತಾನಾಗಿ ಫೋನ್ ಮಾಡುವುದಿಲ್ಲ! 'ಬಾ' ಎನ್ನುವುದಂತೂ ಇಲ್ಲವೇ ಇಲ್ಲ!

ಜಗಳಕ್ಕೆ ಕಾರಣ ಹೊಸ ಸ್ಪೀಕರು. ದಿನವಿಡೀ ಗಿರಣಿಯ ಸದ್ದು ಕೇಳಿದ ಮಹಾನುಭಾವನಿಗೆ ಮನೆಯಲ್ಲೂ ಸದ್ದೇ ಬೇಕು. ಅದೂ ಬ್ರೆಜಿಲ್, ಕೊರಿಯಾ, ಟರ್ಕಿಯ ಸದ್ದು! ಅವತ್ತು ಹೆಂಡತಿ ರಾಜೇಶ್ವರಿ ಏನೋ ಹೇಳುತ್ತಿದ್ದಾಗ ವಾಲ್ಯೂಮ್ ಏರಿಸಿಬಿಟ್ಟ.

"ನನ್ನ ಮಾತ ಕೇಳಬಾರದಂತ ಏರಿಸಿದ್ರೇನ್ರಿ?"

"ನಿನ್ನ ಮಾತ ದಿನಾ ಇದ್ದದ್ದ ಐತಿ."

"ಹೌದಾ? ಹಂಗಾರ ನಾಳಿಂದ ಇರೂದಿಲ್ಲ ತಗೋರಿ!"

ಮರುದಿನ ಅವಳು ತವರೂರು ಮಮದಾಪುರದ ಬಸ್ಸು ಹತ್ತಿದಳು.

ಮೊದಲ ಸಂಜೆ ಸ್ವಾತಂತ್ರ್ಯೋತ್ಸವ! ಎರಡನೆಯ ಸಂಜೆ ಚಪ್ಪಲಿ ಬಿಡುತ್ತಲೇ, "ಇವತ್ತ ಗಿರಣಿ ಬೆಲ್ಟ್ ಹರೀತ ನೋಡು" ಎಂದ. ಅಡುಗೆಮನೆಯಿಂದ ಉತ್ತರ ಬರಲಿಲ್ಲ. ಮನೆ ಭಣಗುಟ್ಟಿತು. ಸ್ಪೀಕರನ್ನು ಎಷ್ಟು ಏರಿಸಿದರೂ ಆ ಮೌನ ಮೂಲೆಯಲ್ಲೇ ಕೂತಿರುತ್ತಿತ್ತು.

ಆದರೆ ಸೋಲುವುದುಂಟೇ? ತಾನು ಮಜವಾಗಿದ್ದೇನೆಂದು ಮಮದಾಪುರಕ್ಕೆ ತಿಳಿಯಲೆಂದು ದಿನಾ ಸಂಜೆ ವಾಟ್ಸಾಪ್ ಸ್ಟೇಟಸ್‌ಗೆ ಒಂದು ವಿದೇಶಿ ಹಾಡು ಹಾಕತೊಡಗಿದ. ಭಾಷೆ ಒಂದಕ್ಷರ ಬಾರದು. ಸೊಂಟ ಕುಣಿದರೆ ಸಾಕು, ಸಂತೋಷದ ಹಾಡೆಂದೇ ಲೆಕ್ಕ! ಹಾಕಿದ ಮೇಲೆ ಯಾರು ನೋಡಿದರೆಂದು ಮತ್ತೆ ಮತ್ತೆ ತೆಗೆದು ನೋಡುವನು. ರಾಜೇಶ್ವರಿಯ ಹೆಸರು ಕಂಡ ಮೇಲೆಯೇ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತು.

ಒಂದು ಸಂಜೆ ಟರ್ಕಿಯವನು ಮನೆಯ ತಗಡು ನಡುಗಿಸುತ್ತಿದ್ದಾಗ ಹಾಡು ನಿಂತು ಫೋನ್ ಬಂತು. ರಾಜೇಶ್ವರಿಯ ಅಣ್ಣನ ಮಗಳು, ಕಾಲೇಜು ಓದುವ ನಂದಿನಿ. ಫೋನು ಸ್ಪೀಕರಿಗೆ ಕೂಡಿಕೊಂಡಿತ್ತಾದ್ದರಿಂದ ಅವಳ ದನಿ ಓಣಿಗೆಲ್ಲ ಮೊಳಗಿತು.

"ಮಾಮಾ, ಆರಾಮ ಅದೀರಿಲ್ರಿ?"

"ನನಗೇನಾಗೇತಿ? ಸ್ಟೇಟಸ್ ನೋಡಿಲ್ಲೇನವಾ? ರಾಜಾನಂಗ ಅದೇನಿ!"

"ನೋಡೇನ್ರಿ. ಮೊಬೈಲ್‌ನ್ಯಾಗ ಅರ್ಥ ತಗದು ದಿನಾ ಮನಿಮಂದಿಗೆಲ್ಲಾ ಓದಿ ಹೇಳ್ತೇನಿ. ಬ್ರೆಜಿಲ್ ಹಾಡಿನ್ಯಾಗ 'ನೀ ಇಲ್ದ ಊಟ ಸೇರವಲ್ದು' ಅಂದ್ರಿ. ಕೊರಿಯಾದಾಗ 'ತಪ್ಪ ನಂದ' ಅಂದ್ರಿ. ನಿನ್ನೆ ಟರ್ಕಿದಾಗಂತೂ 'ನಿನ್ನ ಹೊಸ್ತಿಲದಾಗ ಬಿದ್ದ ಸಾಯ್ತೇನಿ' ಅಂದ್ರಿ! ಅಜ್ಜಿ ಸೆರಗ ಕಣ್ಣಿಗೆ ಹಚ್ಕೊಂಡ್ಲು."

ಸಿದ್ರಾಯ ಧಡಕ್ಕನೆ ಎದ್ದು ನಿಂತ. "ಅವರು ಕುಣಿಯಾಕತ್ತಿದ್ರಲ್ಲವಾ!"

"ಅಳಕೋಂತನ ಕುಣೀತಾರ ಮಾಮಾ."

"ನಿಮ್ಮತ್ತಿ ಏನಂದ್ಲು?"

"'ಜಗತ್ತಿನ ಮಂದಿ ಕಡಿಂದೆಲ್ಲಾ ಹೇಳಿ ಕಳಸ್ತಾರ, ತಮ್ಮ ಬಾಯಿಲೆ ಒಂದ ಮಾತ ಹೇಳಾಕ ಬರೂದಿಲ್ಲೇನ' ಅಂದ್ಲು."

ಸಿದ್ರಾಯ ಖಾಲಿ ಅಡುಗೆಮನೆಯತ್ತ ನೋಡಿದ. ಪಣ, ಪ್ರತಿಷ್ಠೆ ಎಲ್ಲ ಅಲ್ಲೇ ನೀರಾದವು.

"ಹೇಳವಾ... ಮನಿ ಭಣಭಣ ಅನ್ನಾಕತ್ತೈತಿ ಅಂತ. ಆಕಿ ಮಾತ ಕೇಳದ ಹೊತ್ತ ಹೋಗವಲ್ದು. ಬಾ ಅಂದಾನಂತ ಹೇಳು."

"ಜೋರ್ ಹೇಳ್ರಿ ಮಾಮಾ, ಕೇಳಸವಲ್ದು."

"ಬಾ ಅಂದ್ನಿ! ಬಾ! ಬಾ! ಬಾ!"

ಆಗ ಮುಂಬಾಗಿಲನ್ನು ಯಾರೋ ಧಡಧಡ ಬಡಿದರು. ತೆಗೆದರೆ ಓಣಿಯ ಮಂದಿಯೆಲ್ಲ ಕಟ್ಟೆಯ ಮೇಲೆ ನಿಂತು ನಗುತ್ತಿದ್ದಾರೆ. ಎಲ್ಲರ ಮುಂದೆ, ಕೈಚೀಲ ಹಿಡಿದ ರಾಜೇಶ್ವರಿ!

"ಆಗಿಂದ ಬಾಗಲಾ ಬಡದ ಬಡದ ಕೈ ನೋವಾತು, ಹಾಡಿನ ಗದ್ದಲದಾಗ ನಿಮಗ ಕೇಳಸ್ಲೇ ಇಲ್ಲ. ನಾನಾಗಿ ಫೋನ್ ಮಾಡೂದಿಲ್ಲಂತ ನಂದೂ ಆಣಿ ಇತ್ತು, ಅದಕ್ಕ ನಂದಿನಿ ಕಡಿಂದ ಹಚ್ಚಿಸಿದೆ. ಈಗ ಒಳಗ ಬರ್ಲೋ, ಇನ್ನೂ ಯಾವ್ದರ ದೇಶ ಉಳದೈತೋ?"