ನಡುವೆ ಒಂದು ವೃತ್ತ, ಸುತ್ತಲೂ ‘ಯಾಕೆ’

ಬಿಳಿ ಹಾಳೆಯ ನಡುವೆ ಒಂದು ವೃತ್ತ ಬರೆಯಿರಿ ಎಂದು ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಹೇಳಿ ನೋಡಿ. ಆಮೇಲೆ ನಗುವಿಗೆ ಬೇರೆ ಏರ್ಪಾಡು ಬೇಕಾಗುವುದಿಲ್ಲ. ಹೊನ್ನಾಳಿಯ ನಮ್ಮ ಆಸ್ಪತ್ರೆಯಲ್ಲಿ ನಾನು ಮೇಟ್ರನ್, ಅದರ ನರ್ಸಿಂಗ್ ಶಾಲೆಯಲ್ಲಿ ಪಾಠವೂ ನನ್ನದೇ. ಕಾನ್ವೆಂಟಿನವರ ನರ್ಸಿಂಗ್ ಶಾಲೆಯಲ್ಲಿ ಓದಿದವಳು. ನೆಟ್ಟಗೆ ನಿಲ್ಲುವುದು, ಗೆರೆ ಎಳೆಯಲು ಸ್ಕೇಲು ಹಿಡಿಯುವುದು, ವಾರ್ಡಿನಲ್ಲಿ ನಗದಿರುವುದು ಅಲ್ಲಿಯೇ ರೂಢಿಯಾದದ್ದು. ಮೊದಲ ಎರಡನ್ನು ಇವತ್ತಿಗೂ ಉಳಿಸಿಕೊಂಡಿದ್ದೇನೆ.

ನಮ್ಮ ಹುಡುಗಿಯರು ಪುಸ್ತಕವನ್ನು ಗಿಳಿಯಂತೆ ಒಪ್ಪಿಸುತ್ತಾರೆ, ರೋಗಿಯ ಮುಂದೆ ನಿಂತರೆ ಬಾಯಿ ಬರುವುದಿಲ್ಲ. ಅದಕ್ಕೇ ಮೈಂಡ್ ಮ್ಯಾಪ್ ಕಲಿಸಲು ಶುರು ಮಾಡಿದೆ. ನಡುವಿನ ವೃತ್ತದಲ್ಲಿ ರೋಗಿಯ ತೊಂದರೆ. ಸುತ್ತಲೂ ಕವಲುಗಳು. ಪ್ರತಿ ಕವಲಿನ ಮೇಲೂ ‘ಯಾಕೆ’ ಎಂಬ ಪ್ರಶ್ನೆ.

ಜ್ವರ ಎಲ್ಲಿದೆ?

ಮೊದಲ ಪಾಠಕ್ಕೆ ‘ಜ್ವರ’ ಕೊಟ್ಟೆ. ಮರುದಿನ ನ್ಯಾಮತಿಯ ಹುಡುಗಿ, ನಮ್ಮ ತರಗತಿಯ ಬಾಯಿಪಾಠದ ರಾಣಿ, ಅಂದವಾದ ಹಾಳೆ ತಂದಳು. ನಡುವಿನ ವೃತ್ತದಲ್ಲಿ ‘ಹೊನ್ನಾಳಿ ಬಸ್ ಸ್ಟ್ಯಾಂಡ್’. ಅಲ್ಲಿಂದ ನ್ಯಾಮತಿ, ಚನ್ನಗಿರಿ, ಜಗಳೂರಿಗೆ ಹೋಗುವ ದಾರಿಗಳು. ಗೆರೆಗಳೆಲ್ಲ ಸ್ಕೇಲಿನಿಂದ ಎಳೆದವು.

“ಇದೇನಮ್ಮಾ?”

“ಮ್ಯಾಪ್ ಅಂದ್ರಲ್ಲ ಮೇಡಂ.”

“ಜ್ವರ ಎಲ್ಲಿ?”

“ಇಲ್ಲೇ ಐತೆ ಮೇಡಂ, ಚನ್ನಗಿರಿ ದಾರಿಯಾಗೆ. ನಮ್ಮ ಮಾವನ ಮನೆ. ಮೂರು ಜನ ಮಲಗ್ಯಾರೆ.”

ತರಗತಿ ನಕ್ಕಿತು. ಹಿಂದಿನ ಬೆಂಚಿನ ಜಗಳೂರಿನ ಹುಡುಗಿ ಮಾತ್ರ ನಗಲಿಲ್ಲ. ಆ ತಾಲ್ಲೂಕಿನ ಬಿಳಿಚೋಡಿನ ಕಡೆಯವಳು, ಬಾಯಿಪಾಠದಲ್ಲಿ ತೀರಾ ಹಿಂದೆ. ಹೋದ ವರ್ಷ ಪ್ರಾಯೋಗಿಕ ಪರೀಕ್ಷೆಯಲ್ಲಿ ನಪಾಸು. ಈ ಸಲವೂ ಹಾಗಾದರೆ ಓದು ಬಿಡಿಸಿ ಮನೆಗೆ ಕರೆದೊಯ್ಯುತ್ತೇನೆಂದು ಅವಳ ಅಪ್ಪ ನನ್ನೆದುರಿಗೇ ಹೇಳಿಹೋಗಿದ್ದರು. ಅವಳು ಎದ್ದು ನಿಂತು ಕೇಳಿದಳು: “ಮೂರೂ ಜನ ಒಂದೇ ಕಡೆ ನೀರು ಕುಡುದ್ರಾ?”

ನನ್ನ ಕೈಯ ಚಾಕ್‌ಪೀಸ್ ಅಲ್ಲೇ ನಿಂತಿತು. ರೋಗ ಹರಡುವುದರ ಬಗ್ಗೆ ಪುಸ್ತಕದಲ್ಲಿರುವ ಒಂದಿಡೀ ಅಧ್ಯಾಯವನ್ನು ಈ ಹುಡುಗಿ ಒಂದೇ ಪ್ರಶ್ನೆಯಲ್ಲಿ ಕೇಳಿಬಿಟ್ಟಿದ್ದಳು!

“ನೀರು ಗೊತ್ತಿಲ್ಲ ಕಣೆ,” ಎಂದಳು ನ್ಯಾಮತಿಯವಳು. “ಮೂರೂ ಜನ ಒಂದೇ ಮದುವಿಗೆ ಹೋಗಿದ್ರು. ನಾನೂ ಹೋಗಿದ್ದೆ.”

ಅವಳ ಬೆಂಚಿನಲ್ಲಿದ್ದವರೆಲ್ಲ ಎದ್ದು ಬೇರೆ ಬೆಂಚಿಗೆ ಹೋದರು.

ಉಪ್ಪು ಬಿಟ್ಟವರು

ವಾರ್ಡಿನಲ್ಲಿ ರಕ್ತದೊತ್ತಡದ ಹೆಂಗಸೊಬ್ಬರಿದ್ದರು. ಮಾತ್ರೆ ನುಂಗಿದರೂ ಒತ್ತಡ ಇಳಿಯುತ್ತಿರಲಿಲ್ಲ. ನ್ಯಾಮತಿಯವಳು ಅವರ ಮಂಚದ ಪಕ್ಕ ನಿಂತು, ಉಪ್ಪು ಕಡಿಮೆ ಮಾಡುವುದರ ಪ್ರಯೋಜನಗಳನ್ನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದಳು.

“ಉಪ್ಪು ಬಿಟ್ಟು ವರ್ಷ ಆತು ಕಣವ್ವಾ,” ಎಂದರು ಆಕೆ. ನ್ಯಾಮತಿಯವಳು ‘ಉಪ್ಪು ಇಲ್ಲ’ ಎಂದು ಬರೆದು ಹೊರಟಳು.

ಜಗಳೂರಿನವಳು ‘ಉಪ್ಪು’ ಎಂಬ ಕವಲಿನ ಮುಂದೆ ‘ಎಲ್ಲೆಲ್ಲಿಂದ?’ ಎಂದು ಬರೆದುಕೊಂಡು ಸ್ಟೂಲು ಎಳೆದು ಕೂತಳು.

“ಅಮ್ಮಾರೇ, ಉಪ್ಪಿಲ್ಲದ ಸಾರು ಹೆಂಗೆ ಇಳೀತದೆ ಗಂಟಲಾಗೆ?”

“ಉಪ್ಪಿನಕಾಯಿ ನೆಂಚಿಕೊಂತೀನಿ.”

“ಅದ್ರಾಗೆ ಉಪ್ಪು ಇರಲ್ವಾ?”

ಆಕೆ ಇವಳನ್ನು ಮರುಕದಿಂದ ನೋಡಿದರು. “ಅಯ್ಯೋ ಮಗಳೇ, ಅದು ಮಾವಿನಕಾಯಿ. ನಿಮ್ಮ ಜಗಳೂರಾಗೆ ಮಾವಿನಕಾಯಿ ಬೆಳೆಯಲ್ವಾ?”

ಸಾರಿನ ನಕ್ಷೆ

‘ಯಾಕೆ’ ಎಂದು ಕೇಳಲು ಕಲಿಸಿದವರು ಅದರ ಫಲವನ್ನೂ ಉಣ್ಣಬೇಕಾಗುತ್ತದೆ. ಒಂದು ದಿನ ಹಾಸ್ಟೆಲಿನ ಅಡುಗೆಮನೆಯ ಬಾಗಿಲಿಗೆ ಹಾಳೆ ಅಂಟಿತ್ತು. ನಡುವೆ ‘ತೆಳ್ಳನೆಯ ಸಾರು’. ಕವಲುಗಳಲ್ಲಿ: ಬೇಳೆ ಕಡಿಮೆಯೇ? ನೀರು ಜಾಸ್ತಿಯೇ? ಅಡುಗೆಯವರಿಗೆ ನಮ್ಮ ಮೇಲೆ ಸಿಟ್ಟೇ?

ಅಡುಗೆಯವರು ನನ್ನನ್ನು ಕರೆದು ತೋರಿಸಿದರು. “ನೋಡ್ರಿ ಮೇಡಂ, ನೀವು ಕಲಿಸಿದ್ದು.” ಬರೆದವರು ಯಾರೆಂದು ನಾನು ವಿಚಾರಿಸುವ ಮೊದಲೇ ಅವರು ಇದ್ದಿಲು ಹಿಡಿದು ತಾವೇ ಒಂದು ಕವಲು ಸೇರಿಸಿದರು: ‘ಬೇಳೆ ಒಲೆ ಮ್ಯಾಲಿಟ್ಟು ನೋಡಿಕೊಳ್ರೇ ಅಂದ್ರೆ ಮೊಬೈಲು ನೋಡ್ತಾ ಉಕ್ಕಿ ಹೋಗಾಕೆ ಬಿಟ್ಟವರು ಯಾರು?’

ನಮ್ಮ ಶಾಲೆಯಲ್ಲಿ ಒಂದೂ ಕವಲು ಬಿಟ್ಟುಹೋಗದ ಮೊದಲ ನಕ್ಷೆ ಅದು. ಪೂರ್ತಿ ಅಂಕ ಕೊಡಬಹುದಿತ್ತು. ಆದರೆ ಅವರು ಸ್ಕೇಲು ಬಳಸಿರಲಿಲ್ಲ.

ಊಟ ಆಗಿಲ್ಲ

ಪ್ರಾಯೋಗಿಕ ಪರೀಕ್ಷೆ ಬಂತು. ಹೊರಗಿನಿಂದ ಬಂದ ಪರೀಕ್ಷಕಿ ನನಗಿಂತಲೂ ಬಿಗಿ. ಜಗಳೂರಿನವಳ ಪಾಲಿಗೆ ಬಂದವರು ಚನ್ನಗಿರಿ ಕಡೆಯ ಒಬ್ಬ ಯಜಮಾನರು. ಹಣೆ ತುಂಬ ವಿಭೂತಿ. ಅಂದೇ ಅವರಿಗೆ ಹರ್ನಿಯಾ ಆಪರೇಷನ್. ಅವರನ್ನು ಅದಕ್ಕೆ ಸಿದ್ಧಪಡಿಸುವುದೇ ಅವಳ ಪರೀಕ್ಷೆ. ಹೊಟ್ಟೆ ತುಂಬಿರುವಾಗ ಅರಿವಳಿಕೆ ಕೊಟ್ಟರೆ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಪ್ರಾಣವೇ ಹೋಗಬಹುದು. ಹಾಗಾಗಿ ಹೊಟ್ಟೆ ಖಾಲಿ ಇರಲೇಬೇಕು.

ಪರೀಕ್ಷಕಿಯೇ ಕೇಳಿದರು. “ಊಟ ಮಾಡಿದ್ದೀರಾ?”

“ಇಲ್ಲ ತಾಯಿ.”

“ತಿಂಡಿ?”

“ಇಲ್ಲ.”

“ಸರಿ. ಮುಂದಿನದು ಮಾಡಮ್ಮಾ.”

ಹುಡುಗಿ ಮುಂದಿನದು ಮಾಡಲಿಲ್ಲ. ಹಾಳೆಯಲ್ಲಿ ‘ಹೊಟ್ಟೆ ಖಾಲಿ’ ಎಂದು ವೃತ್ತ ಬರೆದು ಸುಮ್ಮನೆ ನಿಂತಳು. ಹೋದ ವರ್ಷವೂ ಹೀಗೇ ನಿಂತು ನಪಾಸಾಗಿದ್ದಳು. ಅಷ್ಟರಲ್ಲಿ ಯಜಮಾನರು ದೀರ್ಘವಾಗಿ ತೇಗಿದರು.

ಅವಳು ಒಂದು ಕವಲು ಎಳೆದಳು: ‘ತೇಗು. ಯಾಕೆ?’

“ಗ್ಯಾಸ್ ಇರಬಹುದು,” ಎಂದರು ಪರೀಕ್ಷಕಿ.

“ಇರಬೌದು ಮೇಡಂ. ಆದ್ರೆ ಒಗ್ಗರಣಿ ವಾಸನೆ ಐತೆ.”

ಏನು ತಿಂದಿರಿ ಎಂದು ಅವಳು ಕೇಳಲೇ ಇಲ್ಲ. “ಯಜಮಾನ್ರೇ, ಬೆಳಿಗ್ಗೆ ಎದ್ದು ಎಲ್ಲೆಲ್ಲಿಗೆ ಹೋಗಿದ್ರಿ?” ಎಂದಳು.

“ಆಪರೇಷನ್ ಅಲ್ವಾ ತಾಯಿ, ಮಠಕ್ಕೆ ಹೋಗಿ ಕೈ ಮುಗುದು ಬಂದೆ.”

“ಅಲ್ಲಿ ಏನಾತು?”

“ಪ್ರಸಾದ ಆತು.”

“ಪ್ರಸಾದದಾಗೆ ಏನೇನಿತ್ತು?”

ಯಜಮಾನರ ಮುಖ ಅರಳಿತು. “ಗೋಧಿ ಪಾಯಸ, ಬದನೆಕಾಯಿ ಪಲ್ಯ, ಅನ್ನ, ಸಾರು. ಇನ್ನೊಂದು ಸಲ ಬಡಿಸಾಕೆ ಬಂದ್ರು. ಮಠದಾಗೆ ಬ್ಯಾಡ ಅನ್ನಾಕೆ ಆಗ್ತದಾ?”

“ಊಟ ಆಗಿಲ್ಲ ಅಂದಿರಲ್ಲ!” ಪರೀಕ್ಷಕಿಯ ಧ್ವನಿ ಏರಿತು.

“ಹೌದ್ರಿ, ಆಗಿಲ್ಲ. ಊಟ ಮನೆಯಾಗೆ. ಮಠದಾಗೆ ಮಾಡೋದು ಪ್ರಸಾದ.”

ಆಪರೇಷನ್ ಮರುದಿನಕ್ಕೆ ಹೋಯಿತು. ನಮ್ಮ ಪುಸ್ತಕಗಳ ಯಾವ ಪುಟದಲ್ಲೂ ತೇಗಿನಿಂದ ಮಠಕ್ಕೆ ಹೋಗುವ ದಾರಿ ಇಲ್ಲ. ಈ ಹುಡುಗಿ ತಾನೇ ದಾರಿ ಎಳೆದುಕೊಂಡು ಹೋಗಿ ಒಂದು ಜೀವವನ್ನು ಹಿಂದಕ್ಕೆ ಕರೆತಂದಿದ್ದಳು. ಅವಳ ಕಡೆ ನೋಡುವುದಕ್ಕೂ ನನಗೆ ಒಂದು ಬಗೆಯ ಭಕ್ತಿ ಬಂದಿತ್ತು.

ಪರೀಕ್ಷಕಿಗೆ ಅದೆಲ್ಲ ಇಲ್ಲ. “ರೋಗಿ ಆಪರೇಷನ್ ಥಿಯೇಟರಿನ ಒಳಗೆ ಹೋಗುವವರೆಗೆ ಪರೀಕ್ಷೆ ಮುಗಿದಿಲ್ಲ. ಅಂಕ ನಾಳೆ,” ಎಂದರು.

ಮರುದಿನ ಥಿಯೇಟರಿನ ಬಾಗಿಲಲ್ಲಿ ಎಲ್ಲರೂ ಸೇರಿದೆವು. ಯಜಮಾನರು ಟ್ರಾಲಿಯ ಮೇಲೆ ಹಸಿರು ಬಟ್ಟೆ ಹೊದ್ದು ಮಲಗಿದ್ದರು. ಹುಡುಗಿ ಕೇಳುತ್ತಾ ಹೋದಳು: “ಊಟ?” “ಇಲ್ಲ.” “ನಾಷ್ಟಾ?” “ಇಲ್ಲ.” “ಚಾ?” “ಇಲ್ಲ.” “ಪ್ರಸಾದ?” “ಇಲ್ಲ ಬಿಡವ್ವಾ, ತೀರ್ಥಾನೂ ಇಲ್ಲ.”

ಪರೀಕ್ಷಕಿ ಪೆನ್ನು ತೆಗೆದರು. ಹುಡುಗಿ ಟ್ರಾಲಿಯನ್ನು ಬಿಡಲಿಲ್ಲ.

“ಯಜಮಾನ್ರೇ, ಬಾಯಿ ತೆಗೀರಿ ನೋಡಾನ.”

ಅವರು ತುಟಿ ಬಿಗಿದುಕೊಂಡು ತಲೆಯಾಡಿಸಿದರು. ಅವಳು ಕೈ ಚಾಚಿ ನಿಂತೇ ಇದ್ದಳು. ಕೊನೆಗೆ ದವಡೆಯ ಸಂದಿಯಿಂದ ದಪ್ಪನೆಯ ಅಡಿಕೆ ಹೋಳೊಂದು ಹೊರಬಂದು ಅವಳ ಗ್ಲೌಸಿನ ಮೇಲೆ ಕೂತಿತು. ಅರಿವಳಿಕೆ ಡಾಕ್ಟರು ಬಂದು ಬಾಯಿ ತೊಳೆಸಿ, ಪರೀಕ್ಷಿಸಿ, ಸ್ವಲ್ಪ ಕಾದು ಒಪ್ಪಿಗೆ ಕೊಟ್ಟರು.

“ಇದು ನಿನ್ನ ನಕ್ಷೆಯಲ್ಲಿ ಎಲ್ಲಿತ್ತು?” ಎಂದು ಕೇಳಿದರು ಪರೀಕ್ಷಕಿ.

“ಇರಲಿಲ್ಲ ಮೇಡಂ. ಕೆನ್ನೆ ಒಂದು ಕಡೆ ಉಬ್ಬಿತ್ತು, ಯಾಕೆ ಅನ್ನಿಸ್ತು.”

ಪರೀಕ್ಷಕಿ ‘ಪಾಸ್’ ಎಂದು ಬರೆದು ಸಹಿ ಹಾಕಿದರು. ಹುಡುಗಿಯ ಕಣ್ಣು ತುಂಬಿ ಬಂತು. ನನ್ನದರ ವಿಷಯ ಬೇಡ.

ಟ್ರಾಲಿ ಒಳಗೆ ಹೊರಟಿತು. ಯಜಮಾನರ ಸಿಟ್ಟು ಮಾತ್ರ ಇನ್ನೂ ಇಳಿದಿರಲಿಲ್ಲ. ಮುಚ್ಚುತ್ತಿದ್ದ ಬಾಗಿಲ ಸಂದಿಯಿಂದ ತಲೆ ಎತ್ತಿ ನಮ್ಮೆಲ್ಲರಿಗೂ ಸೇರಿಸಿ ಹೇಳಿದರು:

“ಹೊಟ್ಟಿ ಖಾಲಿ ಇಟಗಂಡು ಬಾ ಅಂದ್ರಿ, ಇಟಗಂಡು ಬಂದೆ. ಬಾಯಿ ಖಾಲಿ ಇಟಗಂಡು ಬಾ ಅಂತ ಒಬ್ಬರಾದ್ರೂ ಹೇಳಿದ್ರೇನ್ರಿ?”