ಅಪ್ಪ ಸುಲಿದ ಕಿತ್ತಳೆ

ನಮ್ಮ ಮನೆಯಲ್ಲಿ ಈಗ ಎಲ್ಲವೂ ನನ್ನ ಮೊಣಕಾಲಿನ ಎತ್ತರಕ್ಕಿದೆ. ಕೋಟು ತೂಗುಹಾಕುವ ಗೂಟ, ಪುಸ್ತಕದ ಕಪಾಟು, ಕೊನೆಗೆ ಕನ್ನಡಿ ಕೂಡ. ಗಡ್ಡ ಬೋಳಿಸಿಕೊಳ್ಳಬೇಕಾದರೆ ಮಂಡಿಯೂರಬೇಕು. (ಇಗರ್ಜಿಯಲ್ಲೂ ನಾನು ಇಷ್ಟು ಮಂಡಿಯೂರಿದವನಲ್ಲ.) ಇದು ನನ್ನ ಹೆಂಡತಿ ಒರ್ನೆಲ್ಲಾ ಕೈಗೊಂಡಿರುವ ಸ್ವಾವಲಂಬನಾ ಮಹಾಯಜ್ಞ. ಮೂರು ತುಂಬದ ನಮ್ಮ ಮಗಳು ತೆಕ್ಲಾ ಮಾಂಟೆಸ್ಸರಿ ಶಾಲೆಗೆ ಹೋಗುತ್ತಾಳಲ್ಲ, ಇನ್ನು ಎಲ್ಲವನ್ನೂ ಅವಳೇ ಮಾಡಬೇಕಂತೆ, ನಾವು ಕೈಕಟ್ಟಿ ನೋಡಬೇಕಂತೆ.

ಭಾನುವಾರ ನನ್ನ ಅಮ್ಮ ಯೊಲಾಂಡಾ, ಪಾಸ್ತಾದ ಪಾತ್ರೆಯನ್ನೂ ಇಸ್ತ್ರಿ ಮಾಡಿದ ನನ್ನ ಅಂಗಿಗಳನ್ನೂ ಹೊತ್ತು ಟ್ರ್ಯಾಮಿನಲ್ಲಿ ಬಂದಳು. ಮೊಮ್ಮಗಳು ಗಾಜಿನ ಹೂಜಿ ಎತ್ತಿದ್ದನ್ನು ನೋಡಿ ಶಿಲುಬೆ ಗುರುತು ಹಾಕಿಕೊಂಡಳು.

"ಅಯ್ಯೋ ಮಡೋನ್ನಾ, ಮರಿಯಾ ಮಾತೆ! ಕೂಸಿನ ಕೈಗೆ ಗಾಜು ಕೊಟ್ಟಿದ್ದೀಯಲ್ಲ, ನಿನಗೆ ತಲೆ ಕೆಟ್ಟಿದೆಯೇನೆ ಒರ್ನೆಲ್ಲಾ?"

"ಸುಮ್ನೆ ಕೂತ್ಕೊಳ್ಳಿ ಅತ್ತೆ. ಅವಳು ಮಾಡ್ತಾಳೆ."

"ಇವತ್ತು ಒಂದು ಲೋಟ ಒಡೀಲಿ, ಒಂದು ಹನಿ ರಕ್ತ ಬರ್ಲಿ, ನಾಳೆನೇ ಪೆಟ್ಟಿಗೆ ತಗೊಂಡು ಇಲ್ಲಿಗೆ ಬಂದುಬಿಡ್ತೀನಿ. ಮಗೂನ ನಾನೇ ಸಾಕ್ತೀನಿ!"

"ಬನ್ನಿ. ನಾನು ಮಗೂನ ಕರ್ಕೊಂಡು ತವರಿಗೆ ಹೋಗ್ತೀನಿ."

ಹೆಂಡತಿ ಸುಮ್ಮನೆ ಮಾತಾಡುವವಳಲ್ಲ, ಅಮ್ಮನಂತೂ ಅಲ್ಲವೇ ಅಲ್ಲ. ಇವತ್ತೊಂದು ದಿನ ಏನೂ ಒಡೆಯದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದಾಗಲೇ ತೆಕ್ಲಾಳ ಹೂಜಿ ಕೊಂಚ ವಾಲಿತು. ಹಿಡಿಯಲು ಹಾರಿದೆ. ಹೂಜಿ ನೆಟ್ಟಗೇ ಇತ್ತು. ನನ್ನ ಮೊಣಕೈ ತಗುಲಿದ ಲೋಟ ಮಾತ್ರ ನೆಲಕ್ಕೆ ಬಿದ್ದು ಚೂರುಚೂರಾಯಿತು.

ತೆಕ್ಲಾ ಹೋಗಿ ತನ್ನ ಪುಟಾಣಿ ಪೊರಕೆ ತಂದು ನನ್ನ ಕೈಗಿಟ್ಟಳು. "ಒಡೆದವ್ರೇ ಗುಡಿಸ್ಬೇಕು, ಅಪ್ಪ."

ನನ್ನ ಮಗ ಪೊರಕೆ ಹಿಡಿದನಲ್ಲಾ ಎಂದು ಅಮ್ಮ ಸೆರಗಿಲ್ಲದ್ದರಿಂದ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಳು. ಆ ಸಂಕಟಕ್ಕೋ ಏನೋ, ಊಟವಾದ ಮೇಲೆ ಎಂದಿನ ಹಾಗೆ ಕಿತ್ತಳೆ ಸುಲಿಯತೊಡಗಿದಳು, ನಾರೆಲ್ಲ ಬಿಡಿಸಿ, ತೊಳೆ ತೊಳೆಯಾಗಿ. ಮಗುವಿಗಲ್ಲ, ನನಗೆ. (ನಲವತ್ತು ದಾಟಿದ್ದರೇನಂತೆ? ಅಮ್ಮ ಅಮ್ಮನೇ.)

ತೆಕ್ಲಾ ಅಜ್ಜಿಯ ಕೈ ಹಿಡಿದುಕೊಂಡಳು.

"ಅಜ್ಜೀ, ಬೇಡ. ಅಪ್ಪ ತಾನೇ ಮಾಡ್ಲಿ."

ಒಂದು ಇಡೀ ಕಿತ್ತಳೆ, ಒಂದು ಚಾಕು ನನ್ನ ಮುಂದೆ ಬಂದವು. ಮೂವರು ಹೆಂಗಸರು ಕೈಕಟ್ಟಿ ನೋಡುತ್ತಿದ್ದರು. ಕಿತ್ತಳೆಗೆ ಎಲ್ಲಿಂದ ಚಾಕು ಹಾಕುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ! ಹಾಕಿದೆ. ಹೆಬ್ಬೆರಳಿಗೆ ಬಿತ್ತು. ರಕ್ತ!

ಲೋಟವೂ ಒಡೆದಿತ್ತು, ರಕ್ತವೂ ಬಂದಿತ್ತು. ಮುಗಿಯಿತು ನನ್ನ ಸಂಸಾರ ಅಂದುಕೊಂಡೆ. ಅಮ್ಮ ಎದ್ದು ನಿಂತಳು. ಅಷ್ಟರಲ್ಲಿ ತೆಕ್ಲಾ ಒದ್ದೆ ಬಟ್ಟೆ ತಂದು ನನ್ನ ಬೆರಳು ಒರೆಸಿ, "ಪರವಾಗಿಲ್ಲ, ನಾಳೆ ಇನ್ನೊಂದು ಸಲ ಮಾಡು," ಅಂದಳು.

ಅಮ್ಮ ಅವಳನ್ನು ನೋಡಿದಳು, ನನ್ನನ್ನು ನೋಡಿದಳು.

"ಒರ್ನೆಲ್ಲಾ, ನಿನ್ನ ಮಗಳು ಸರಿಯಾಗೇ ಇದ್ದಾಳೆ ಕಣೆ. ಕೆಟ್ಟಿರೋದು ನನ್ನ ಮಗ."

ಮುಂದಿನ ಭಾನುವಾರ ಅಂಗಿಗಳು ಮುದುಡಿಕೊಂಡೇ ಬಂದವು, ಜೊತೆಗೆ ಅಮ್ಮನ ಇಸ್ತ್ರಿಪೆಟ್ಟಿಗೆಯೂ. ನಮ್ಮ ಮನೆಯಲ್ಲಿ ಈಗ ನನ್ನ ಎತ್ತರಕ್ಕೂ ಒಂದು ಗೂಟ ಬಂದಿದೆ. ಅದರಲ್ಲಿ ನನ್ನ ಏಪ್ರನ್ ನೇತಾಡುತ್ತಿದೆ.